ಸಂಪಾಜೆ ಇಳಿಜಾರಿನಲ್ಲಿ ಪೆಡಲ್ ಕೆಳಗೆ ಹೋಯಿತು: ಹಳೇ ಎಂಜಿಬಿಗೆ ದೊಡ್ಡ ಬ್ರೇಕ್ ಬೇಕಾ?

ಪ್ರಶ್ನೆ: ನಮ್ಮ ಮನೆಯಲ್ಲಿ 1967ರ ಇಂಗ್ಲೆಂಡಿನ ಎರಡು ಸೀಟಿನ ಕಾರು, ಎಂಜಿಬಿ ರೋಡ್‌ಸ್ಟರ್ ಇದೆ. ಊರಿಗೆ ವಾಪಸ್ ಹೊರಟಿದ್ದ ಎಸ್ಟೇಟ್ ದೊರೆಯೊಬ್ಬರಿಂದ ತಾತ ಕೊಂಡಿದ್ದು. ತಾತ ಹೋದ ಮೇಲೆ ಹದಿನಾಲ್ಕು ವರ್ಷ ಶೆಡ್ಡಲ್ಲೇ ನಿಂತಿತ್ತು. ಎರಡು ವರ್ಷದ ಹಿಂದೆ ಎಂಜಿನ್ ಮಾಡಿಸಿ, ಪೇಂಟ್ ಹೊಡೆಸಿ ರೋಡಿಗೆ ತಂದೆ. ಬ್ರೇಕಿಗೆ ಹೊಸ ಪ್ಯಾಡ್ ಮಾತ್ರ ಹಾಕಿಸಿದ್ದು. ಕಳೆದ ತಿಂಗಳು ಮಡಿಕೇರಿಯಿಂದ ಸಂಪಾಜೆ ಘಾಟಿಯಲ್ಲಿ ಸುಳ್ಯಕ್ಕೆ ಇಳಿಯುವಾಗ ಜೋಡುಪಾಲ ದಾಟಿದ ಮೇಲೆ ಪೆಡಲ್ ಮೆತ್ತಗಾಗುತ್ತಾ ಬಂತು. ದೇವರಕೊಲ್ಲಿ ಹತ್ತಿರ ಪೂರ್ತಿ ಕೆಳಗೆ ಹೋಯಿತು. ನಾಲ್ಕೈದು ಸಲ ಪಂಪ್ ಮಾಡಿ, ಹ್ಯಾಂಡ್ ಬ್ರೇಕ್ ಎಳೆದು ಹೇಗೋ ನಿಲ್ಲಿಸಿದೆ. ಎಡಗಡೆ ಮುಂದಿನ ಚಕ್ರದಿಂದ ಸುಟ್ಟ ವಾಸನೆ. ಅರ್ಧ ಗಂಟೆ ಬಿಟ್ಟು ನೋಡಿದರೆ ಪೆಡಲ್ ಮೊದಲಿನ ಹಾಗೇ ಗಟ್ಟಿ. ಬೆಂಗಳೂರಿನ ಸ್ನೇಹಿತರು ನಾಲ್ಕು ಪಿಸ್ಟನ್ ಕ್ಯಾಲಿಪರ್ (ಡಿಸ್ಕಿನ ಮೇಲೆ ಪ್ಯಾಡ್ ಒತ್ತುವ ಭಾಗ), ದೊಡ್ಡ ಡಿಸ್ಕ್, ಹಿಂದಕ್ಕೂ ಡಿಸ್ಕ್ ಹಾಕಿಸು ಅಂತಾರೆ. ಇಲ್ಲಿನ ಮೆಕ್ಯಾನಿಕ್, ಮಾರುತಿಯ ಬೂಸ್ಟರ್ ಕೂರಿಸಿದರೆ ಸಾಕು ಅಂತಾರೆ. ಡಿಸೆಂಬರಿನಲ್ಲಿ ಸುಳ್ಯದಲ್ಲಿ ಮದುವೆ ಇದೆ. ಅಮ್ಮನನ್ನು ಇದೇ ಕಾರಿನಲ್ಲಿ ಕರೆದುಕೊಂಡು ಹೋಗುವ ಆಸೆ. ಯಾವುದನ್ನು ಮಾಡಿಸಲಿ?
– ಸುಂಟಿಕೊಪ್ಪದಿಂದ ಒಬ್ಬ ಓದುಗರು

ಉತ್ತರ: ಮೊದಲು ಒಂದು ಮಾತು. ಕೆಲಸ ಮುಗಿಯುವ ತನಕ ಕಾರನ್ನು ಶೆಡ್ಡಿನಿಂದ ಹೊರಗೆ ತೆಗೆಯಬೇಡಿ. ಸುಂಟಿಕೊಪ್ಪ ಪೇಟೆಗೂ ಬೇಡ. ಅವತ್ತು ಗಾಬರಿ ಬೀಳದೆ ಪಂಪ್ ಮಾಡಿ ನಿಲ್ಲಿಸಿದ್ದೀರಲ್ಲ, ಅದು ದೊಡ್ಡದು. ಆದರೆ ಇನ್ನೊಂದು ಸಲ ಅದೇ ಅದೃಷ್ಟ ಇರುತ್ತದೆ ಅಂತ ನಂಬಿಕೊಳ್ಳುವ ಹಾಗಿಲ್ಲ.

ನಿಮ್ಮ ಪತ್ರದಲ್ಲಿ ನಾನು ಎರಡೆರಡು ಸಲ ಓದಿದ್ದು ಒಂದೇ ಸಾಲು. ಅರ್ಧ ಗಂಟೆ ಬಿಟ್ಟು ನೋಡಿದರೆ ಪೆಡಲ್ ಮತ್ತೆ ಗಟ್ಟಿ ಅಂದಿದ್ದೀರಿ. ಕಾಯಿಲೆ ಏನು ಅಂತ ಅದೇ ಹೇಳುತ್ತದೆ. ಘಾಟಿಯಲ್ಲಿ ಬ್ರೇಕ್ ಬಿಸಿಯಾಗಿ ಸೋಲುವುದು ಎರಡು ರೀತಿ. ಒಂದು, ಪ್ಯಾಡ್ ಕಾದು ಹಿಡಿತ ಬಿಡುವುದು. ಆಗ ಪೆಡಲ್ ಮೇಲೇ ಇರುತ್ತದೆ, ಕಲ್ಲಿನ ಹಾಗೆ ಗಟ್ಟಿ ಇರುತ್ತದೆ, ಎಷ್ಟು ತುಳಿದರೂ ಕಾರು ನಿಲ್ಲುವುದಿಲ್ಲ. ಇನ್ನೊಂದು, ಬ್ರೇಕ್ ಆಯಿಲ್ ಕುದಿಯುವುದು. ಆಯಿಲ್ ಒತ್ತಿದರೆ ಕುಗ್ಗುವುದಿಲ್ಲ, ಅದಕ್ಕೇ ನಿಮ್ಮ ಕಾಲಿನ ಬಲ ಚಕ್ರಕ್ಕೆ ಮುಟ್ಟುತ್ತದೆ. ಕುದಿದು ಆವಿಯ ಗುಳ್ಳೆ ಎದ್ದರೆ ಆ ಗುಳ್ಳೆ ಕುಗ್ಗುತ್ತದೆ. ನೀವು ತುಳಿದದ್ದೆಲ್ಲ ಗುಳ್ಳೆ ಹಿಸುಕುವುದರಲ್ಲೇ ಮುಗಿದುಹೋಗುತ್ತದೆ. ಪೆಡಲ್ ಸ್ಪಂಜಿನ ಹಾಗೆ ಒಳಗೆ ಹೋಗುತ್ತದೆ. ತಣ್ಣಗಾದ ಮೇಲೆ ಗುಳ್ಳೆ ಅಡಗುತ್ತದೆ, ಪೆಡಲ್ ಮೇಲೆ ಬರುತ್ತದೆ. ನಿಮ್ಮದು ಎರಡನೆಯದು. ಬ್ರೇಕ್ ಚಿಕ್ಕದಾಯಿತು ಅನ್ನುವ ಸಮಸ್ಯೆ ಇದಲ್ಲ.

ಅಲ್ಲಿ ಎಷ್ಟು ಬಿಸಿ ಹುಟ್ಟುತ್ತದೆ ಅಂತ ಒಂದು ಲೆಕ್ಕ ಹೇಳುತ್ತೇನೆ. ಮಡಿಕೇರಿ ಇರುವುದು ಸಮುದ್ರ ಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿ. ಸಂಪಾಜೆ ಮುಟ್ಟುವಷ್ಟರಲ್ಲಿ ಹೆಚ್ಚು ಕಡಿಮೆ 900 ಮೀಟರ್ ಇಳಿದಿರುತ್ತೀರಿ. ಇಬ್ಬರು ಕೂತು, ಪೆಟ್ರೋಲ್ ತುಂಬಿಸಿದರೆ ನಿಮ್ಮ ಕಾರಿನ ತೂಕ ಸುಮಾರು 1,100 ಕಿಲೋ. ಇಷ್ಟು ಭಾರ ಇಷ್ಟು ಕೆಳಗೆ ಇಳಿದರೆ ಎರಡೂವರೆ ಯೂನಿಟ್ ಕರೆಂಟಿಗಿಂತ ಸ್ವಲ್ಪ ಜಾಸ್ತಿ ಶಕ್ತಿ ಬಿಡುಗಡೆಯಾಗುತ್ತದೆ. ಬಚ್ಚಲುಮನೆ ಹಂಡೆಯಲ್ಲಿ ಮೂವತ್ತು ಲೀಟರ್ ತಣ್ಣೀರು ಕುದಿ ಬರುವಷ್ಟು ಬಿಸಿ ಅದು. ಗಾಳಿ ಸ್ವಲ್ಪ ತಿನ್ನುತ್ತದೆ, ಎಂಜಿನ್ ಸ್ವಲ್ಪ ತಿನ್ನುತ್ತದೆ. ಉಳಿದದ್ದೆಲ್ಲ ಬ್ರೇಕಿನ ಪಾಲು. ಅದರಲ್ಲೂ ಇಳಿಜಾರಿನಲ್ಲಿ ಭಾರ ಮುಂದಕ್ಕೆ ವಾಲುವುದರಿಂದ ಮುಂದಿನ ಎರಡು ಡಿಸ್ಕಿಗೇ ದೊಡ್ಡ ಪಾಲು.

ಹಾಗಾದರೆ ಈ ಬ್ರೇಕ್ ಇಷ್ಟನ್ನು ತಡೆಯುತ್ತದಾ? ತಡೆಯುತ್ತದೆ. ಎಂಜಿಬಿ 1962ರಲ್ಲಿ ಬಂದಾಗಲೇ ಅದಕ್ಕೆ ಮುಂದೆ 10¾ ಇಂಚಿನ ಡಿಸ್ಕ್, ಹಿಂದೆ 10 ಇಂಚಿನ ಡ್ರಮ್ ಇತ್ತು. ನಮ್ಮ ರೋಡುಗಳಲ್ಲಿ ಆಗ ಓಡುತ್ತಿದ್ದ ಅಂಬಾಸಿಡರ್, ಫಿಯಟ್, ಸ್ಟ್ಯಾಂಡರ್ಡ್ ಹೆರಾಲ್ಡ್ ಎಲ್ಲಕ್ಕೂ ನಾಲ್ಕೂ ಚಕ್ರಕ್ಕೆ ಡ್ರಮ್ಮೇ. ಅವು ಇದೇ ಘಾಟಿಯಲ್ಲಿ ಸಾಮಾನು, ಸಂಸಾರ ಹೇರಿಕೊಂಡು ಹತ್ತಿ ಇಳಿದವು. ನಿಮ್ಮ ತಾತನ ಕಾರಿನ ಬ್ರೇಕ್ ಅವಕ್ಕಿಂತ ಎಷ್ಟೋ ಮುಂದಿತ್ತು. ಈಗ ಅದು ಸೋಲುತ್ತಿರುವುದು ಹದಿನಾಲ್ಕು ವರ್ಷ ನಿಂತು ಕೆಟ್ಟಿರುವುದರಿಂದ.

ನಮ್ಮ ಕೊಡಗಿನಲ್ಲಿ ಈ ಕೆಡುವುದು ಬೇರೆ ಕಡೆಗಿಂತ ಬೇಗ. ಚೆನ್ನಾಗಿ ಒಣಗಿಸಿದ ಕಾಫಿಯನ್ನು ಮೂಟೆ ಕಟ್ಟಿ ಮಳೆಗಾಲ ಪೂರ್ತಿ ಇಟ್ಟರೆ ಏನಾಗುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಒಂದು ಹನಿ ಮಳೆ ಬೀಳದಿದ್ದರೂ ಗಾಳಿಯ ತೇವ ಎಳೆದುಕೊಂಡು ಮೆತ್ತಗಾಗುತ್ತದೆ. ಬ್ರೇಕ್ ಆಯಿಲ್ ಕೂಡ ಹಾಗೇ. ಪೆಡಲ್ ತುಳಿದಾಗ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರ್ ಮುಚ್ಚಳದ ಸಣ್ಣ ತೂತಿನಿಂದ, ರಬ್ಬರ್ ಹೋಸ್‌ನ ಗೋಡೆಯಿಂದ ತೇವ ಒಳಗೆ ಸೇರುತ್ತಲೇ ಇರುತ್ತದೆ. ಡಾಟ್ 4 ಅನ್ನುವ ದರ್ಜೆಯ ಆಯಿಲ್ ಹೊಸದಿದ್ದಾಗ ಕಡಿಮೆ ಅಂದರೂ 230 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದು ಅನ್ನುವುದು ಅಳತೆ. ನೂರಕ್ಕೆ ನಾಲ್ಕು ಪಾಲಿಗಿಂತ ಸ್ವಲ್ಪ ಕಡಿಮೆ ನೀರು ಸೇರಿದರೆ ಆ ಅಳತೆ 155ಕ್ಕೆ ಇಳಿಯುತ್ತದೆ. ಡಾಟ್ 3 ಆದರೆ 140ಕ್ಕೆ. ಕಕ್ಕಡ ಅನ್ನಿ, ಆಟಿ ಅನ್ನಿ, ಅಂಥ ಹದಿನಾಲ್ಕು ಮಳೆಗಾಲ ಕಂಡ ಆಯಿಲ್ ಇನ್ನೂ ಎಷ್ಟು ಕೆಳಗೆ ಇಳಿದಿರಬಹುದು ಯೋಚಿಸಿ. ನಿಮ್ಮ ಪತ್ರದಲ್ಲಿ ಪ್ಯಾಡ್ ಹಾಕಿಸಿದೆ ಅಂತ ಇದೆ, ಆಯಿಲ್ ಬದಲಿಸಿದೆ ಅಂತ ಎಲ್ಲೂ ಇಲ್ಲ.

ಶೆಡ್ಡಲ್ಲಿ ನಿಂತಿದ್ದ ಇಂಥ ಕಾರುಗಳ ಬ್ಲೀಡ್ ನಿಪ್ಪಲ್ (ಆಯಿಲ್ ಹೊರಗೆ ಬಿಡುವ ಸಣ್ಣ ತಿರುಪು) ಬಿಚ್ಚಿದಾಗ ಏನು ಬರುತ್ತದೆ ಅಂತ ನಾನು ಎಷ್ಟೋ ಸಲ ನೋಡಿದ್ದೇನೆ. ಹೊಸ ಆಯಿಲ್ ಜೇನಿಗಿಂತ ತೆಳು ಬಣ್ಣ. ಇದು ಬೆಲ್ಲದ ಕಾಫಿಯ ಬಣ್ಣ. ಬಟ್ಟಲಲ್ಲಿ ಹಿಡಿದು ಸ್ವಲ್ಪ ಹೊತ್ತು ಬಿಟ್ಟರೆ ತಳದಲ್ಲಿ ನುಣ್ಣನೆಯ ಕೆಂಪು ಕೂರುತ್ತದೆ. ಬೆರಳಿಗೆ ಹಚ್ಚಿ ತಿಕ್ಕಿದರೆ ತರಿ ಸಿಗುತ್ತದೆ. ಅದು ಸಿಲಿಂಡರಿನ ಒಳಗೋಡೆಯ ತುಕ್ಕು. ಆ ತರಿಯ ಮೇಲೆ ರಬ್ಬರ್ ವಾಷರ್ ದಿನಾ ಹಿಂದೆ ಮುಂದೆ ಓಡಾಡುತ್ತಿದೆ. ಅದಕ್ಕೇ, ಆಯಿಲ್ ಬದಲಿಸಿದರೆ ಮುಗಿಯಿತು ಅಂತ ನಾನು ಹೇಳುವುದಿಲ್ಲ.

ಈಗ ಆ ಎಡಗಡೆ ಚಕ್ರ. ಒಂದೇ ಚಕ್ರದಿಂದ ವಾಸನೆ ಬಂದಿದೆ ಅಂದರೆ ಅದು ಬ್ರೇಕ್ ಬಿಟ್ಟ ಮೇಲೂ ಹಿಡಿದುಕೊಂಡೇ ಇತ್ತು. ಮಡಿಕೇರಿಯಿಂದ ಇಳಿಯುವ ಉದ್ದಕ್ಕೂ ಅದು ಕಾಯುತ್ತಾ ಬಂದಿದೆ, ಅಲ್ಲೇ ಆಯಿಲ್ ಮೊದಲು ಕುದಿದಿದೆ. ಸಮತಟ್ಟು ರೋಡಲ್ಲಿ ಬ್ರೇಕ್ ಹಾಕಿದಾಗ ಕಾರು ಯಾವುದಾದರೂ ಒಂದು ಕಡೆ ಎಳೆಯುತ್ತಿತ್ತಾ, ನೆನಪು ಮಾಡಿಕೊಳ್ಳಿ.

ಕಾರಣ ಹುಡುಕುವ ದಾರಿ ಸುಲಭ. ನಿಮ್ಮ ಮೆಕ್ಯಾನಿಕ್ ಪಕ್ಕದಲ್ಲಿ ನಿಂತು ನೀವೇ ನೋಡಬಹುದು. ಚಕ್ರ ಜಾಕ್ ಮೇಲೆ ಎತ್ತಿ, ಕೆಳಗೆ ಸ್ಟ್ಯಾಂಡ್ ಕೊಟ್ಟು, ಪೆಡಲ್ ನಾಲ್ಕು ಸಲ ತುಳಿದು ಬಿಡಿ. ಚಕ್ರ ತಿರುಗಿಸಿ ನೋಡಿ. ಬಿಗಿಯಾಗಿದ್ದರೆ ಕ್ಯಾಲಿಪರಿನ ಬ್ಲೀಡ್ ನಿಪ್ಪಲ್ ಸ್ವಲ್ಪ ಸಡಿಲಿಸಿ. ಆಯಿಲ್ ಚಿಮ್ಮಿ ಚಕ್ರ ಫ್ರೀ ಆಯಿತಾ? ಹಾಗಾದರೆ ಒತ್ತಡ ಮೇಲಿನಿಂದ ವಾಪಸ್ ಹೋಗುತ್ತಿಲ್ಲ. ಫ್ರೀ ಆಗಲಿಲ್ಲವಾ? ಪಿಸ್ಟನ್ ತುಕ್ಕು ಹಿಡಿದು ಕ್ಯಾಲಿಪರಿನಲ್ಲೇ ಕಚ್ಚಿಕೊಂಡಿದೆ. ಒತ್ತಡ ವಾಪಸ್ ಹೋಗದಿದ್ದರೆ ಇನ್ನೊಂದು ಪರೀಕ್ಷೆ. ನಿಪ್ಪಲ್ ಮುಚ್ಚಿ, ಮತ್ತೆ ತುಳಿದು, ಈ ಸಲ ರಬ್ಬರ್ ಹೋಸ್‌ಗೂ ಮೇಲೆ, ಕಬ್ಬಿಣದ ಪೈಪಿನ ಜಾಯಿಂಟ್ ಸಡಿಲಿಸಿ. ಅಲ್ಲಿ ಬಿಚ್ಚಿದಾಗ ಚಕ್ರ ಫ್ರೀ ಆದರೆ ತೊಂದರೆ ಮಾಸ್ಟರ್ ಸಿಲಿಂಡರಿನದು. ಎಷ್ಟೋ ಸಲ ಪೆಡಲಿನಿಂದ ಅದನ್ನು ತಳ್ಳುವ ಪುಶ್‌ರಾಡ್‌ಗೆ ಒಂದಿಷ್ಟು ಆಟ ಬಿಡದೆ ಬಿಗಿ ಮಾಡಿರುತ್ತಾರೆ, ಆಯಿಲ್ ವಾಪಸ್ ಹೋಗುವ ಸಣ್ಣ ತೂತು ಮುಚ್ಚಿಯೇ ಇರುತ್ತದೆ. ಅಲ್ಲಿ ಬಿಚ್ಚಿದರೂ ಫ್ರೀ ಆಗದಿದ್ದರೆ ಹೋಸ್ ಒಳಗೆ ಊದಿಕೊಂಡಿದೆ. ಹೊರಗಿನಿಂದ ನೋಡಿದರೆ ಹೋಸ್ ಚೆನ್ನಾಗೇ ಕಾಣುತ್ತದೆ. ಒಳಗಿನ ರಬ್ಬರ್ ಊದಿ ದಾರಿ ಕಿರಿದಾಗಿರುತ್ತದೆ. ನಿಮ್ಮ ಕಾಲಿನ ಬಲಕ್ಕೆ ಆಯಿಲ್ ನುಗ್ಗಿ ಹೋಗುತ್ತದೆ, ವಾಪಸ್ ಬರುವುದಕ್ಕೆ ತಳ್ಳುವ ಬಲ ಇಲ್ಲದೆ ಅಲ್ಲೇ ಉಳಿಯುತ್ತದೆ.

ನನ್ನ ಊಹೆ ಕೇಳಿದರೆ, ಹೋಸ್ ಅಥವಾ ಪಿಸ್ಟನ್. ಎರಡೂ ಇದ್ದರೂ ಆಶ್ಚರ್ಯವಿಲ್ಲ.

ಇನ್ನು ನಿಮಗೆ ಸಿಕ್ಕ ಸಲಹೆಗಳು. ಬೂಸ್ಟರ್ ಬಗ್ಗೆ ಮೊದಲು. ಬೂಸ್ಟರ್ ಮಾಡುವುದು ಒಂದೇ ಕೆಲಸ, ನಿಮ್ಮ ಕಾಲಿನ ಶ್ರಮ ಕಡಿಮೆ ಮಾಡುವುದು. ಬಿಸಿ ಅಷ್ಟೇ ಹುಟ್ಟುತ್ತದೆ. ಆಯಿಲ್ ಅದೇ ಡಿಗ್ರಿಗೆ ಕುದಿಯುತ್ತದೆ. ಕುದಿದ ಆಯಿಲ್ ಮುಂದೆ ಬೂಸ್ಟರ್ ಇದ್ದರೂ ಪೆಡಲ್ ಕೆಳಗೇ ಹೋಗುತ್ತದೆ. ಇಂದಿನ ಕಾರು ಓಡಿಸಿ ಅಭ್ಯಾಸವಾದವರಿಗೆ ಹಳೇ ಎಂಜಿಬಿಯ ಪೆಡಲ್ ಭಾರ ಅನ್ನಿಸುವುದು ನಿಜ. ಅದು ಆ ಕಾರಿನ ಸ್ವಭಾವ, ರೋಗವಲ್ಲ. ನಂತರದ ವರ್ಷಗಳ ಎಂಜಿಬಿಗಳಿಗೆ ಕಂಪನಿಯೇ ಬೂಸ್ಟರ್ ಕೊಟ್ಟಿತು. ನಿಮಗೆ ಅಥವಾ ಮನೆಯವರಿಗೆ ಮಂಡಿ ನೋವಿದ್ದರೆ ಅದಕ್ಕೆ ಹೊಂದುವ ಬೂಸ್ಟರ್ ಮುಂದೆ ಹಾಕಿಸಬಹುದು. ಆದರೆ ಬೇರೆ ಕಾರಿನ ಬೂಸ್ಟರ್, ಅದರದೇ ಮಾಸ್ಟರ್ ಸಿಲಿಂಡರ್ ತಂದು ತಗಡಿಗೆ ಬ್ರಾಕೆಟ್ ಬೆಸೆದು ಕೂರಿಸುವುದು ಬೇಡವೇ ಬೇಡ. ಸಿಲಿಂಡರಿನ ಅಗಲ ಹೊಂದದಿದ್ದರೆ ಪೆಡಲ್ ಓಟವೇ ಬದಲಾಗುತ್ತದೆ. ಜೋರಾಗಿ ತುಳಿದಾಗ ತಗಡು ಬಾಗುತ್ತದೆ, ನೀವು ತುಳಿದದ್ದರಲ್ಲಿ ಸ್ವಲ್ಪ ಆ ಬಾಗುವುದರಲ್ಲೇ ಹೋಗುತ್ತದೆ. ಎಂಜಿನ್ ಆಫ್ ಆದರೆ ಬೂಸ್ಟರಿನ ಸಹಾಯ ಒಂದೆರಡು ತುಳಿತದಲ್ಲಿ ಮುಗಿಯುತ್ತದೆ ಅನ್ನುವುದೂ ನೆನಪಿರಲಿ.

ನಾಲ್ಕು ಪಿಸ್ಟನ್ ಕ್ಯಾಲಿಪರ್ ಕೆಟ್ಟ ಸಾಮಾನಲ್ಲ. ದೊಡ್ಡ, ದಪ್ಪ ಡಿಸ್ಕ್ ಬಿಸಿಯನ್ನು ಜಾಸ್ತಿ ಹೊತ್ತು ತಡೆದುಕೊಳ್ಳುತ್ತದೆ, ಬೇಗ ತಣ್ಣಗಾಗುತ್ತದೆ. ಟ್ರ್ಯಾಕಿನಲ್ಲಿ ಓಡಿಸುವವರಿಗೆ ಅದು ಬೇಕು. ಆದರೆ ದೊಡ್ಡ ಬ್ರೇಕ್ ಹಾಕಿದರೆ ಕಾರು ಬೇಗ ನಿಲ್ಲುತ್ತದೆ ಅನ್ನುವುದು ಅರ್ಧ ಸತ್ಯ. ಈಗಿರುವ ಬ್ರೇಕ್ ಸರಿಯಿದ್ದಾಗ ಚಕ್ರ ಲಾಕ್ ಆಗುವ ಹಾಗೆ ಹಿಡಿಯುತ್ತದೆ ಅಲ್ವಾ? ಆಮೇಲೆ ಕಾರು ನಿಲ್ಲಿಸುವುದು ಟಯರ್. ನಿಮ್ಮ ಟಯರ್ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ, ನೋಡಿ. 2309 ಅಂತಿದ್ದರೆ 2009ನೇ ಇಸವಿಯ 23ನೇ ವಾರದಲ್ಲಿ ತಯಾರಾದದ್ದು. ಟಯರಿನ ಮೇಲಿನ ಅಚ್ಚು ಎಷ್ಟೇ ಚೆನ್ನಾಗಿರಲಿ, ಶೆಡ್ಡಲ್ಲಿ ನಿಂತು ಗಟ್ಟಿಯಾದ ರಬ್ಬರ್ ಒದ್ದೆ ರೋಡನ್ನು ಹಿಡಿಯುವುದಿಲ್ಲ. ನಮ್ಮ ರೋಡಿನ ಮೇಲೆ ಮಣ್ಣು, ಉದುರಿದ ಎಲೆ, ಪಾಚಿ ಎಲ್ಲ ಇರುತ್ತದೆ. ನಾನಾಗಿದ್ದರೆ ದೊಡ್ಡ ಕ್ಯಾಲಿಪರಿನ ದುಡ್ಡಲ್ಲಿ ಮೊದಲು ನಾಲ್ಕು ಹೊಸ ಟಯರ್ ಕೊಳ್ಳುತ್ತೇನೆ.

ಇನ್ನೂ ಎರಡು ತೊಡಕಿವೆ. ನಿಮ್ಮದು ಕಡ್ಡಿ ಚಕ್ರವಾದರೆ ದಪ್ಪ ಕ್ಯಾಲಿಪರ್ ಕಡ್ಡಿಗೆ ತಾಗಬಹುದು, ಅಳತೆ ನೋಡದೆ ತರಿಸಬಾರದು. ಎರಡನೆಯದು ಮುಂದಿನ ಹಿಂದಿನ ಹೊಂದಾಣಿಕೆ. ಎಷ್ಟು ಬಲ ಮುಂದಕ್ಕೆ, ಎಷ್ಟು ಹಿಂದಕ್ಕೆ ಅಂತ ಕಂಪನಿಯವರು ಲೆಕ್ಕ ಹಾಕಿ ಇಟ್ಟಿರುತ್ತಾರೆ. ಹಿಂದಕ್ಕೆ ಡಿಸ್ಕ್ ಹಾಕಿ ಆ ಲೆಕ್ಕ ತಪ್ಪಿದರೆ ಒದ್ದೆ ತಿರುವಿನಲ್ಲಿ ಹಿಂದಿನ ಚಕ್ರ ಮೊದಲು ಲಾಕ್ ಆಗುತ್ತದೆ. ಕಾರಿನ ಹಿಂಭಾಗ ಮುಂದೆ ಬರಲು ನೋಡುತ್ತದೆ. ಘಾಟಿಯಲ್ಲಿ ಅದಕ್ಕಿಂತ ಭಯದ್ದು ಇನ್ನೊಂದಿಲ್ಲ. ಹಿಂದಿನ ಡ್ರಮ್ ಮುಟ್ಟಬೇಡಿ. ಹ್ಯಾಂಡ್ ಬ್ರೇಕ್ ಕೂಡ ಅದರಲ್ಲೇ ಚೆನ್ನಾಗಿ ಕೆಲಸ ಮಾಡುತ್ತದೆ. ಅವತ್ತು ನಿಮ್ಮನ್ನು ಉಳಿಸಿದ್ದೂ ಅದೇ.

ಹಾಗಾದರೆ ಅಪ್‌ಗ್ರೇಡ್ ಅಂತ ಏನೂ ಬೇಡವಾ? ಒಂದು ಬೇಕು. ಅದರ ಬಗ್ಗೆ ನಿಮಗೆ ಯಾರೂ ಹೇಳಿಲ್ಲ ಅನ್ನುವುದೇ ನನಗೆ ಬೇಸರ. ನಿಮ್ಮ 1967ರ ಕಾರಿನ ಬ್ರೇಕ್ ಒಂದೇ ಲೈನಿನದು. ಒಂದು ಮಾಸ್ಟರ್ ಸಿಲಿಂಡರ್, ಅದರಿಂದಲೇ ನಾಲ್ಕೂ ಚಕ್ರಕ್ಕೆ ಆಯಿಲ್. ಎಲ್ಲಾದರೂ ಒಂದು ಹೋಸ್ ಒಡೆದರೆ, ಒಂದು ಪೈಪಿಗೆ ತೂತು ಬಿದ್ದರೆ ನಾಲ್ಕೂ ಚಕ್ರದ ಬ್ರೇಕ್ ಒಟ್ಟಿಗೇ ಹೋಗುತ್ತದೆ. ಅಮೆರಿಕಕ್ಕೆ ಹೋಗುತ್ತಿದ್ದ ಎಂಜಿಬಿಗಳಿಗೆ 1968ರ ಮಾಡೆಲಿನಿಂದ ಎರಡು ಲೈನಿನ ಮಾಸ್ಟರ್ ಸಿಲಿಂಡರ್ ಬಂತು. ಮುಂದಕ್ಕೊಂದು, ಹಿಂದಕ್ಕೊಂದು. ಒಂದು ಹೋದರೂ ಇನ್ನೊಂದು ಹಿಡಿಯುತ್ತದೆ. ಘಾಟಿಯಲ್ಲಿ ಓಡಾಡುವವರಿಗೆ ಈ ಬದಲಾವಣೆಗೆ ಹಾಕಿದ ದುಡ್ಡು ದಂಡವಲ್ಲ. ಆದರೆ ಇದು ಒಂದು ದಿನದ ಕೆಲಸವೂ ಅಲ್ಲ. ಪೆಡಲ್ ಬಾಕ್ಸ್ ಸಮೇತ ಬದಲಿಸಬೇಕು, ಪೈಪ್ ಹೊಸದಾಗಿ ಎಳೆಯಬೇಕು, ಬಲಗಡೆ ಸ್ಟೀರಿಂಗಿಗೆ ಹೊಂದುವ ಸಾಮಾನೇ ಬೇಕು. ಎಂಜಿಬಿ 1980ರ ತನಕ ಐದು ಲಕ್ಷಕ್ಕೂ ಜಾಸ್ತಿ ತಯಾರಾದ ಕಾರು. ಇಂಗ್ಲೆಂಡಿನಲ್ಲಿ ಬಿಡಿಭಾಗ ಇವತ್ತಿಗೂ ಹೊಸದಾಗಿ ಸಿಗುತ್ತದೆ. ಸುಂಕ, ಸಾಗಣೆ ಸೇರಿಸಿ ಲೆಕ್ಕ ಹಾಕಿ.

ಇದನ್ನು ಮಾಡಿಸುವಾಗ ಒಂದು ವಿಷಯದಲ್ಲಿ ಹಟ ಹಿಡಿಯಿರಿ. ಈ ಕಾರಿನ ಪೈಪ್ ನಟ್ಟುಗಳ ಚೂಡಿ (ತಿರುಪಿನ ಗೆರೆ) ಇಂಚಿನ ಲೆಕ್ಕದ್ದು, 3/8 ಯುಎನ್‌ಎಫ್. ನಮ್ಮಲ್ಲಿ ಸಿಗುವುದು 10 ಎಂಎಂ. ಕಣ್ಣಿಗೆ ಎರಡೂ ಒಂದೇ ಥರ. ಇಂಚಿನ ನಟ್ಟು 10 ಎಂಎಂ ತೂತಿಗೆ ಸಡಿಲವಾಗಿ ಇಳಿದೂ ಬಿಡುತ್ತದೆ, ಬಿಗಿಯಾದ ಹಾಗೂ ಅನ್ನಿಸುತ್ತದೆ. 10 ಎಂಎಂ ನಟ್ಟನ್ನು ಇಂಚಿನ ತೂತಿಗೆ ಪಾನಾ ಹಾಕಿ ಒತ್ತಾಯಕ್ಕೆ ತಿರುಗಿಸಿದರೆ ಚೂಡಿ ತಿಂದುಹೋಗುತ್ತದೆ. ವರ್ಷಗಳ ಹಿಂದೆ ನನ್ನ ಹತ್ತಿರ ಬಂದ ಹಳೇ ಕಾರೊಂದರಲ್ಲಿ ಹೀಗೇ ಕೂರಿಸಿದ್ದ ನಟ್ಟು ಕೈಯಲ್ಲಿ ಎಳೆದರೆ ಬಂತು. ಅದರ ಮಾಲೀಕರು ಹಿಂದಿನ ದಿನ ಮಕ್ಕಳನ್ನು ಕೂರಿಸಿಕೊಂಡು ಮಾಕುಟ್ಟ ಘಾಟಿ ಹತ್ತಿ ಬಂದಿದ್ದರು. ಆ ನಟ್ಟು ಕೈಯಲ್ಲಿ ಹಿಡಿದುಕೊಂಡು ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ನಾನು ಮಾಡಿಸಿ ಅನ್ನುವುದು ಇಷ್ಟು. ಎರಡೂ ಕ್ಯಾಲಿಪರ್ ಬಿಚ್ಚಿಸಿ. ಪಿಸ್ಟನ್ ಮೇಲೆ ಉಗುರು ಸಿಕ್ಕುವಷ್ಟು ಗುಂಡಿ ಬಿದ್ದಿದ್ದರೆ ಉಜ್ಜಿ ಹಾಕಬೇಡಿ, ಹೊಸ ಪಿಸ್ಟನ್ ಮತ್ತು ಸೀಲ್ ಹಾಕಿಸಿ. ಮೂರು ರಬ್ಬರ್ ಹೋಸ್ ಹೊಸದು, ಹಿಂದಿನದ್ದನ್ನು ಮರೆಯುವವರೇ ಜಾಸ್ತಿ. ಹಿಂದಿನ ವೀಲ್ ಸಿಲಿಂಡರ್ ಹೊಸದು. ಕಬ್ಬಿಣದ ಪೈಪಿನಲ್ಲಿ ತುಕ್ಕು ಕಂಡರೆ ತಾಮ್ರ-ನಿಕಲ್ ಪೈಪ್ ಎಳೆಸಿ, ನಮ್ಮ ಮಳೆಗೆ ಅದು ತಡೆಯುತ್ತದೆ. ಡಿಸ್ಕಿನ ದಪ್ಪ ಅಳೆಸಿ. ಡ್ರಮ್ ಒಳಗಿನ ಹಳೇ ಲೈನರಿನಲ್ಲಿ ಆಸ್ಬೆಸ್ಟಾಸ್ ಇರಬಹುದು, ಆ ಧೂಳನ್ನು ಕಂಪ್ರೆಸರಿನಿಂದ ಊದಲು ಬಿಡಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯಲಿ. ರಬ್ಬರ್ ಇರುವ ಯಾವ ಭಾಗವನ್ನೂ ಪೆಟ್ರೋಲ್, ಸೀಮೆಎಣ್ಣೆಯಲ್ಲಿ ತೊಳೆಯಬಾರದು. ಬ್ರೇಕ್ ಆಯಿಲ್ ಅಂತ ಕರೆಯುತ್ತೇವೆ, ಆದರೆ ಅದು ಎಣ್ಣೆಯಲ್ಲ. ನಿಜವಾದ ಎಣ್ಣೆ ತಾಗಿದರೆ ಆ ರಬ್ಬರ್ ಊದಿಕೊಳ್ಳುತ್ತದೆ.

ಆಮೇಲೆ ಸೀಲ್ ಮಾಡಿದ ಡಬ್ಬಿಯ ಹೊಸ ಡಾಟ್ 4. ಅರ್ಧ ಉಳಿದ ಡಬ್ಬಿ ಬೇಡ, ಅದೂ ತೇವ ಎಳೆದಿರುತ್ತದೆ. ಸಿಲಿಕಾನಿನ ಡಾಟ್ 5 ತೇವ ಎಳೆಯುವುದಿಲ್ಲ, ಪೇಂಟ್ ತಿನ್ನುವುದಿಲ್ಲ ಅಂತ ಹಳೇ ಕಾರಿನವರು ಕೆಲವರು ಅದನ್ನೇ ಹಾಕುತ್ತಾರೆ. ಅದು ಬೇರೆ ಆಯಿಲ್ ಜೊತೆ ಬೆರೆಯುವುದಿಲ್ಲ, ಒಳಗೆ ಸೇರಿದ ನೀರು ತಗ್ಗಿನಲ್ಲಿ ಹಾಗೇ ನಿಲ್ಲುತ್ತದೆ, ಪೆಡಲ್ ಸ್ವಲ್ಪ ಮೆತ್ತಗಿರುತ್ತದೆ. ಘಾಟಿ ಇಳಿಯುವ ಕಾರಿಗೆ ನಾನು ಡಾಟ್ 4 ಹಾಕಿ ಪ್ರತಿ ವರ್ಷ ಬದಲಿಸುತ್ತೇನೆ. ಮಳೆ ನಿಂತು ಕಾಫಿ ಕುಯ್ಲು ಶುರುವಾಗುವ ಮೊದಲು, ಅಷ್ಟೇ ಲೆಕ್ಕ. ಪ್ಯಾಡ್ ಸಾಮಾನ್ಯದ್ದೇ ಇರಲಿ. ರೇಸಿನ ಪ್ಯಾಡ್ ಕಾದ ಮೇಲೆ ಹಿಡಿಯುತ್ತದೆ. ಮಂಜಿನ ಬೆಳಿಗ್ಗೆ ಗೇಟಿನ ಹತ್ತಿರ ಹಸು ಅಡ್ಡ ಬಂದರೆ ಆ ಪ್ಯಾಡ್ ಕಾದಿರುವುದಿಲ್ಲ.

ಓಡಿಸುವ ರೀತಿಯೂ ಸ್ವಲ್ಪ ಬದಲಾಗಬೇಕು. ನಿಮ್ಮ ಕಾರಿಗೆ ಎಂಜಿನ್ ನಿಧಾನ ತಿರುಗುವ ಹಾಗೆ ಮಾಡುವ ಓವರ್‌ಡ್ರೈವ್ ಇದ್ದರೆ ಮಡಿಕೇರಿ ಬಿಡುವಾಗಲೇ ಆಫ್ ಮಾಡಿ. ಅದು ಆನ್ ಇದ್ದರೆ ಎಂಜಿನ್ ಹಿಡಿತ ಕಡಿಮೆಯಾಗುತ್ತದೆ, ಜಾಸ್ತಿ ಪಾಲು ಬ್ರೇಕಿನ ಮೇಲೇ ಬೀಳುತ್ತದೆ. ಮೂರನೇ ಗೇರ್, ಕಡಿದಾದ ಕಡೆ ಎರಡನೇ ಗೇರ್. ಗೇರನ್ನು ಇಳಿಜಾರು ಶುರುವಾಗುವ ಮೊದಲೇ ಹಾಕಿ. 1967ರ ಕೊನೆಯ ತನಕ ಬಂದ ಎಂಜಿಬಿಗಳಿಗೆ ಫಸ್ಟ್ ಗೇರಿನಲ್ಲಿ, ಓಡುವಾಗ ಗೇರ್ ಸರಾಗವಾಗಿ ಬೀಳುವ ಹಾಗೆ ಮಾಡುವ ಸಿಂಕ್ರೊ ಇರಲಿಲ್ಲ. ಬ್ರೇಕ್ ಹೋದ ಮೇಲೆ ಓಡುವ ಕಾರಿನಲ್ಲಿ ಫಸ್ಟ್ ಹುಡುಕಿದರೆ ಗೇರ್ ಕಿರುಚುತ್ತದೆಯೇ ಹೊರತು ಬೀಳುವುದಿಲ್ಲ. ಬ್ರೇಕ್ ಮೇಲೆ ಕಾಲು ಸುಮ್ನೆ ಇಟ್ಟುಕೊಂಡು ಇಳಿಯಬೇಡಿ. ಸ್ಪೀಡ್ ಏರಿದಾಗ ಒಂದು ಸಲ ಗಟ್ಟಿಯಾಗಿ ಒತ್ತಿ ಇಳಿಸಿ, ಪೂರ್ತಿ ಬಿಡಿ. ಬಿಟ್ಟ ಆ ಹೊತ್ತಿನಲ್ಲೇ ಡಿಸ್ಕಿಗೆ ಗಾಳಿ ತಾಗುವುದು.

ಕಾಗದದ ವಿಷಯ ಚಿಕ್ಕದಾಗಿ. 2021ರಿಂದ 50 ವರ್ಷ ದಾಟಿದ ವಾಹನಗಳಿಗೆ ವಿಂಟೇಜ್ ನೋಂದಣಿ ಇದೆ, ನಂಬರಿನಲ್ಲಿ ವಿಎ ಅಂತ ಬರುತ್ತದೆ. ಅದಕ್ಕೆ ಚಾಸಿ, ಬಾಡಿ, ಎಂಜಿನ್ ಮೂಲದ ಹಾಗೇ ಇರಬೇಕು. ಹಾಗೆ ನೋಂದಾಯಿಸಿದ ಕಾರನ್ನು ದಿನಾ ಓಡಿಸುವ ಹಾಗಿಲ್ಲ. ಆ ಯೋಚನೆ ಇದ್ದರೆ ಎಲ್ಲೂ ಕೊಯ್ದು ಬೆಸೆಯುವ ಕೆಲಸ ಮಾಡಿಸಬೇಡಿ, ತೆಗೆದ ಹಳೇ ಭಾಗಗಳನ್ನು ಒಂದು ಪೆಟ್ಟಿಗೆಯಲ್ಲಿ ಎತ್ತಿಡಿ.

ಮದುವೆಯ ವಿಷಯಕ್ಕೆ ಬರುತ್ತೇನೆ. ಹೋಸ್, ಸೀಲ್, ಸಿಲಿಂಡರ್ ಕೆಲಸ ನವೆಂಬರ್ ಮಧ್ಯದೊಳಗೆ ಮುಗಿದರೆ ಮೊದಲು ಸುಂಟಿಕೊಪ್ಪ, ಕುಶಾಲನಗರದ ಕಡೆ ಒಂದು ವಾರ ಓಡಿಸಿ. ಆಮೇಲೆ ಒಬ್ಬರೇ ಮಡಿಕೇರಿಯಿಂದ ಮದೆನಾಡಿನ ತನಕ ಇಳಿದು ನಿಲ್ಲಿಸಿ. ನಾಲ್ಕೂ ಚಕ್ರದ ಹತ್ತಿರ ಅಂಗೈ ಹಿಡಿದು ನೋಡಿ, ಮುಟ್ಟಬೇಡಿ. ಎಡಕ್ಕೂ ಬಲಕ್ಕೂ ಬಿಸಿ ಒಂದೇ ಸಮ ಇರಬೇಕು. ಪೆಡಲ್ ಹೊರಟಾಗ ಇದ್ದ ಎತ್ತರದಲ್ಲೇ ಇರಬೇಕು. ಮಾಸ್ಟರ್ ಸಿಲಿಂಡರಿನಲ್ಲಿ ಆಯಿಲ್ ಇಳಿದಿರಬಾರದು. ಇದೇ ಥರ ಸಂಪಾಜೆ ತನಕ ಎರಡು ಸಲ ಹೋಗಿ ಬಂದರೆ ಡಿಸೆಂಬರಿನಲ್ಲಿ ಅಮ್ಮನನ್ನು ಧೈರ್ಯವಾಗಿ ಕೂರಿಸಿಕೊಳ್ಳಿ. ಎರಡು ಲೈನಿನ ಸಿಲಿಂಡರ್ ಕೆಲಸ ಮದುವೆ ಮುಗಿದ ಮೇಲೆ, ಮುಂದಿನ ಮಳೆಗಾಲದೊಳಗೆ ಆಗಲಿ. ಹೋಸ್, ಸೀಲ್ ಬರುವುದೇ ತಡವಾದರೆ ಈ ಸಲ ಮನೆಯ ಬೇರೆ ಕಾರಿನಲ್ಲಿ ಹೋಗಿ ಬನ್ನಿ.